ಕಾರಿನ ಗಾಜಿಗೆ ಟಿಂಟ್: ನಾವೇ ಹಾಕೋದಾ, ಅಂಗಡಿಗೆ ಕೊಡೋದಾ?

ಕಳೆದ ಮಾರ್ಚ್‌ನಲ್ಲಿ ನಮ್ಮ ಗ್ಯಾಂಗಿನ ಒಬ್ಬನಿಗೆ ಮನೆಯ ಹಳೇ ಕಾರು ಸಿಕ್ಕಿತು. ಮಧ್ಯಾಹ್ನ ಪಾರ್ಕಿಂಗಿನಿಂದ ತೆಗೆಯೋವಾಗ ಸ್ಟೀರಿಂಗ್ ಮುಟ್ಟೋಕೇ ಆಗ್ತಿರಲಿಲ್ಲ. ಟಿಂಟ್ ಹಾಕಿಸೋಣ ಅಂತ ವಿಚಾರಿಸಿದರೆ, ಅಂಗಡಿಯವರು ಹೇಳಿದ ದುಡ್ಡಲ್ಲಿ ಒಂದು ತಿಂಗಳ ಮೆಸ್ ಬಿಲ್ ಕಟ್ಟಬಹುದಿತ್ತು. ಎಂಜಿನಿಯರಿಂಗ್ ಓದ್ತಿರೋ ನಾಲ್ಕು ಜನಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸೋಕೆ ಬರಲ್ವಾ? 600 ರೂಪಾಯಿಗೆ ರೋಲ್ ತಂದೆವು. ಅದರ ಮೇಲೆ '50' ಎಂದಿತ್ತು. ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ಹಾದುಹೋಗಬೇಕು ಎಂಬ ನಿಯಮ ನಮಗೆ ಗೊತ್ತಿತ್ತು. ಲೆಕ್ಕ ಸರಿಯಾಗೇ ಇದೆ ಅಂದುಕೊಂಡೆವು. ಇರಲಿಲ್ಲ.

ಮೊದಲು ಕೈಕೆಲಸದ ಮಾತು. ಗಾಜನ್ನು ಚೆನ್ನಾಗಿ ತೊಳೆದು, ನೀರಿಗೆ ಎರಡು ಹನಿ ಬೇಬಿ ಶಾಂಪೂ ಹಾಕಿ ಸ್ಪ್ರೇ ಮಾಡಬೇಕು. ಈ ನೀರಿನ ಪದರ ಇರೋವರೆಗೂ ಫಿಲ್ಮಿನ ಅಂಟು ಗಾಜನ್ನು ಹಿಡಿಯಲ್ಲ, ಹಾಳೆಯನ್ನು ಅತ್ತಿತ್ತ ಸರಿಸಿ ಕೂರಿಸಬಹುದು. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ತಳ್ಳಬೇಕು. ಉಳಿದ ತೇವ ಕೆಲವು ದಿನಗಳಲ್ಲಿ ತಾನಾಗಿ ಹೊರಟುಹೋಗುತ್ತದೆ, ಅಲ್ಲಿಯವರೆಗೆ ಗಾಜು ಇಳಿಸಬಾರದು. ಆದರೆ ಒಳಗೆ ಸಿಕ್ಕಿಕೊಂಡ ಧೂಳಿನ ಕಣ ಎಲ್ಲೂ ಹೋಗಲ್ಲ. ನಾವು ಹಾಸ್ಟೆಲ್ ಅಂಗಳದಲ್ಲಿ, ಗಾಳಿಯಲ್ಲಿ ಈ ಕೆಲಸಕ್ಕೆ ಕೂತಿದ್ದೆವು! ಮೊದಲ ಗಾಜಿಗೆ ಎರಡು ಗಂಟೆ ಹಿಡಿಯಿತು, ತುಂಬ ಗುಳ್ಳೆ. ನಾಲ್ಕನೆಯದರ ಹೊತ್ತಿಗೆ ಕೈ ಪಳಗಿತ್ತು. ಪಕ್ಕದ ಗಾಜುಗಳು ಹೆಚ್ಚುಕಡಿಮೆ ಚಪ್ಪಟೆ, ತಾಳ್ಮೆ ಇದ್ದರೆ ಯಾರು ಬೇಕಾದರೂ ಮಾಡಬಹುದು.

ಹಿಂದಿನ ಗಾಜಿನ ಕಥೆಯೇ ಬೇರೆ. ಅದು ಎರಡೂ ದಿಕ್ಕಿಗೆ ಬಾಗಿರುತ್ತದೆ. ತೆಂಗಿನಕಾಯಿಗೆ ಪೇಪರ್ ಸುತ್ತಿ ನೋಡಿ, ಎಲ್ಲೋ ಒಂದು ಕಡೆ ನೆರಿಗೆ ಬಿದ್ದೇ ಬೀಳುತ್ತೆ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ ಕುಗ್ಗಿಸದೆ ಅಂಥ ಮೇಲ್ಮೈಗೆ ಹೊದಿಸುವುದು ಗಣಿತದ ಪ್ರಕಾರವೇ ಅಸಾಧ್ಯ. ಕಸುಬುದಾರರು ಮೊದಲು ಫಿಲ್ಮನ್ನು ಗಾಜಿನ ಹೊರಮೈ ಮೇಲೆ ಹರಡಿ, ಹೀಟ್ ಗನ್ನಿನಿಂದ ಬಿಸಿ ಮಾಡಿ, ಅದೇ ಆಕಾರಕ್ಕೆ ಕುಗ್ಗಿಸಿಕೊಂಡು, ನಂತರ ಒಳಮೈಗೆ ಅಂಟಿಸುತ್ತಾರೆ. ಫಿಲ್ಮು ಮುಖ್ಯವಾಗಿ ರೋಲಿನ ಉದ್ದದ ದಿಕ್ಕಿನಲ್ಲೇ ಕುಗ್ಗುವುದರಿಂದ ಯಾವ ದಿಕ್ಕಿಗೆ ಹಾಸಬೇಕು ಅನ್ನೋದೂ ಗೊತ್ತಿರಬೇಕು. ನಾವು ಹೇರ್ ಡ್ರೈಯರ್ ಹಿಡಿದು ಎರಡು ಹಾಳೆ ಹಾಳು ಮಾಡಿ, ಕೊನೆಗೆ ಜೆ.ಸಿ. ರಸ್ತೆಗೆ ಹೋದೆವು. ಅಲ್ಲಿನ ಒಬ್ಬ ಅಣ್ಣ ಅರ್ಧ ಗಂಟೆಯಲ್ಲಿ ಒಂದು ನೆರಿಗೆ ಇಲ್ಲದೆ ಮುಗಿಸಿದರು. ಪಕ್ಕದ ಗಾಜುಗಳಿಗೆ ಮ್ಯಾಚ್ ಆಗಲಿ ಅಂತ ಅವರೂ '50' ಫಿಲ್ಮನ್ನೇ ಹಾಕಿದರು. ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜೂನ್‌ನ ಒಂದು ರಾತ್ರಿ ಮಳೆಯಲ್ಲಿ ರಿವರ್ಸ್ ತೆಗೆಯುತ್ತಿದ್ದಾಗ ಡಿಕ್ಕಿಯ ಮೇಲೆ ಧಡ್ ಎಂದು ಯಾರೋ ಬಡಿದರು. ಇಳಿದು ನೋಡಿದರೆ ಕಪ್ಪು ರೇನ್‌ಕೋಟ್ ಹಾಕಿದ್ದ ನಮ್ಮ ಸೆಕ್ಯೂರಿಟಿ ತಾತ, ಬಂಪರಿನಿಂದ ಒಂದು ಗೇಣು ದೂರದಲ್ಲಿ. ಒಳಗಿದ್ದ ಮೂವರಿಗೂ ಅವರು ಕಂಡಿರಲಿಲ್ಲ. "ಗಾಜಿಗೆ ಏನ್ ಬಳ್ದಿದ್ದೀರಪ್ಪಾ?" ಎಂದಷ್ಟೇ ಕೇಳಿದರು. ಅವತ್ತು ಯಾರಿಗೂ ಊಟ ಸೇರಲಿಲ್ಲ.

ಮರುದಿನ ಅಳೆದೆವು. ನೀವೂ ಮಾಡಬಹುದು: ಕತ್ತಲಲ್ಲಿ ಒಂದು ಟಾರ್ಚ್, ಎದುರಿಗೆ ಫೋನಿನ ಲಕ್ಸ್ ಮೀಟರ್ ಆ್ಯಪ್, ದೂರ ಬದಲಾಗಬಾರದು. ಗಾಜು ಇಳಿಸಿದಾಗ 410 ಲಕ್ಸ್, ಏರಿಸಿದಾಗ 156. ಅಂದರೆ ಶೇ. 38. ಫಿಲ್ಮು ಸುಳ್ಳು ಹೇಳಿರಲಿಲ್ಲ. ಆದರೆ ಕಂಪನಿಯಿಂದ ಬರುವ ತಿಳಿಹಸಿರು ಗಾಜೇ ಒಂದಿಷ್ಟು ಬೆಳಕನ್ನು ತಡೆಯುತ್ತೆ. ಒಂದು ಗಾಜಿನ ಫಿಲ್ಮ್ ಕಿತ್ತು ಅಳೆದಾಗ 308 ಬಂತು, ಅಂದರೆ ಶೇ. 75. ಇವೆರಡನ್ನು ಗುಣಿಸಬೇಕು: 0.75 × 0.50. ನಿಯಮ ಕೇಳೋದು ಈ ಗುಣಲಬ್ಧವನ್ನು. ಪಕ್ಕಕ್ಕೆ 50, ಮುಂದಿನ ಹಿಂದಿನ ಗಾಜುಗಳಿಗೆ 70. ನಮ್ಮ ಹಿಂದಿನ ಗಾಜಿಗೆ ಶೇ. 90ರ ಫಿಲ್ಮ್ ಹಾಕಿದರೂ 67.5ಕ್ಕೆ ಇಳಿಯುತ್ತೆ. ಹೀಗಾಗಿ ನಾವು ಅಂಟಿಸಿದ್ದೂ ತಪ್ಪು, ದುಡ್ಡು ಕೊಟ್ಟು ನೀಟಾಗಿ ಅಂಟಿಸಿಕೊಂಡಿದ್ದು ಇನ್ನೂ ದೊಡ್ಡ ತಪ್ಪು.

ಕಾನೂನಿನ ಹಾದಿಯೂ ಸ್ವಲ್ಪ ಅಂಕುಡೊಂಕು. 2012ರಲ್ಲಿ ಸುಪ್ರೀಂ ಕೋರ್ಟ್ ಯಾವ ಶೇಕಡಾದ ಕಪ್ಪು ಫಿಲ್ಮೂ ಬೇಡ ಎಂದಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 'ಸೇಫ್ಟಿ ಗ್ಲೇಜಿಂಗ್' ಸೇರಿತು. ಅದರ ಆಧಾರದ ಮೇಲೆ, ಮಾನದಂಡಕ್ಕೆ ಒಪ್ಪುವ ಫಿಲ್ಮ್ ಹಾಕಬಹುದು ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ನಮ್ಮ 600 ರೂಪಾಯಿ ರೋಲಿನ ಮೇಲೆ ಅಂಥ ಗುರುತು ಯಾವುದೂ ಇರಲಿಲ್ಲ.

ಇಷ್ಟಕ್ಕೂ ಕಪ್ಪಾದಷ್ಟೂ ತಂಪು ಅನ್ನೋದೇ ತಪ್ಪು ಕಲ್ಪನೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ಅಗ್ಗದ ಬಣ್ಣದ ಫಿಲ್ಮ್ ಮುಖ್ಯವಾಗಿ ಕಾಣುವ ಬೆಳಕನ್ನು ಹೀರಿ ತಾನೇ ಕಾಯುತ್ತದೆ. ಸೆರಾಮಿಕ್ ಫಿಲ್ಮ್ ತಿಳಿಯಾಗಿದ್ದೂ ಅವಕೆಂಪನ್ನು ಚೆನ್ನಾಗಿ ತಡೆಯುತ್ತೆ. ದುಬಾರಿ ನಿಜ. ಲೋಹದ ಪದರ ಇರೋದೂ ಸಿಗುತ್ತೆ, ಅದು ಮೊಬೈಲ್, ಜಿಪಿಎಸ್ ಸಿಗ್ನಲ್ಲಿಗೆ ಅಡ್ಡಿ ಮಾಡಬಹುದು.

ಈಗ ಪಕ್ಕದ ಗಾಜುಗಳಿಗೆ ಗುರುತು ಇರುವ, ಶೇ. 70ರ ಸೆರಾಮಿಕ್ ಫಿಲ್ಮನ್ನು ನಾವೇ ಹಾಕಿದ್ದೇವೆ. ಈ ಸಲ ಗಾಳಿ ಇಲ್ಲದ ಒಳಾಂಗಣ ಪಾರ್ಕಿಂಗಿನಲ್ಲಿ. ಗುಣಲಬ್ಧ 52.5. ಹಿಂದಿನ ಗಾಜು ಬರಿದು. ಅದರ ಫಿಲ್ಮನ್ನು ಬಿಸಿ ಮಾಡಿ ನಿಧಾನವಾಗಿ ಸುಲಿಯಬೇಕಿತ್ತು, ನಮ್ಮಲ್ಲೊಬ್ಬ ಅವಸರಕ್ಕೆ ಬ್ಲೇಡ್ ಆಡಿಸಿದ. ಡಿಫಾಗರ್‌ನ ಗೆರೆಗಳು ಇರೋದು ಗಾಜಿನ ಒಳಮೈ ಮೇಲೇ, ಒಂದು ಗೆರೆ ತುಂಡಾಯ್ತು. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋದರೆ ಹಿಂದಿನ ಗಾಜೆಲ್ಲ ತಿಳಿಯಾಗುತ್ತೆ, ಆ ಒಂದು ಪಟ್ಟಿಯಲ್ಲಿ ಮಾತ್ರ ಮಂಜು ಹಾಗೇ ಕೂತಿರುತ್ತೆ.