ಹಿಮಬಿರುಗಾಳಿಗೆ ಮುಂಚೆಯೇ ಒಲೆ ಹೊತ್ತಿರಬೇಕು

ನ್ಯೂಜೆರ್ಸಿಯಲ್ಲಿರುವ ನಮ್ಮ ಗೆಳೆಯರ ಗುಂಪು ಚಳಿಗಾಲ ಬಂತೆಂದರೆ ವರ್ಮಾಂಟ್‌ನ ಗ್ರೀನ್ ಮೌಂಟನ್ಸ್ ಬೆಟ್ಟಗಳಲ್ಲಿ ಒಂದು ಮರದ ಮನೆ ಬಾಡಿಗೆಗೆ ಹಿಡಿಯುತ್ತದೆ. ಮನೆ ಹುಡುಕುವುದರಿಂದ ಹಿಡಿದು ಸೌದೆ ಒಟ್ಟುವವರೆಗಿನ ಉಸ್ತುವಾರಿ ನನ್ನದು. ಹಿಮಬಿರುಗಾಳಿ ಬರುತ್ತದೆಂದು ಗೊತ್ತಿದ್ದೂ ಹೋಗುತ್ತೀರಾ ಎಂದು ಕೇಳುತ್ತಾರೆ. ಹೌದು, ಗೊತ್ತಿದ್ದೇ ಹೋಗುತ್ತೇವೆ. ನಾಲ್ಕು ದಿನ ಎಲ್ಲೂ ಹೋಗಲಾಗದೆ ಗೆಳೆಯರ ನಡುವೆ ಕೂತಿರುವ ಭಾಗ್ಯ ಈ ದೇಶದಲ್ಲಿ ಬೇರೆ ಹೇಗೂ ಸಿಗುವುದಿಲ್ಲ. ಆದರೆ ಒಳಗಿನ ಆ ಬೆಚ್ಚಗಿನ ಸುಖವನ್ನು ಹೊರಗೆ ಆಕಾಶ ತಿಳಿಯಾಗಿರುವಾಗಲೇ ಕಟ್ಟಿಕೊಳ್ಳಬೇಕು.

1. ಒಂದು ದಿನ ಮೊದಲೇ ಮನೆ ಸೇರಿ, ಇಲ್ಲವೇ ಹೋಗಬೇಡಿ

ಈ ಭಾಗದ ದೊಡ್ಡ ಹಿಮಪಾತಗಳಲ್ಲಿ ಬಹುಪಾಲು ‘ನಾರ್‌ಈಸ್ಟರ್’ಗಳು. ಕರಾವಳಿಗುಂಟ ಮೇಲೇರುವ ವಾಯುಭಾರ ಕುಸಿತ ಅಟ್ಲಾಂಟಿಕ್‌ನ ತೇವವನ್ನು ಎಳೆದು ತಂದು ಕೆನಡಾದಿಂದ ಇಳಿದ ಶೀತಗಾಳಿಯ ಮೇಲೆ ಹೇರುತ್ತದೆ. ಅದರ ದಾರಿ ಕೊಂಚ ಅತ್ತಿತ್ತ ಸರಿದರೂ ಹಿಮ ಬೀಳಬೇಕಾದ ಕಡೆ ಮಳೆ ಸುರಿಯುತ್ತದೆ. ಹಾಗಾಗಿ ಒಂದು ವಾರ ಮೊದಲೇ ಫೋನು ತೋರಿಸುವ ಇಂಚುಗಳ ಲೆಕ್ಕವನ್ನು ನಾನು ನೆಚ್ಚುವುದಿಲ್ಲ. ರಾಷ್ಟ್ರೀಯ ಹವಾಮಾನ ಸೇವೆ ‘ವಾಚ್’ ಎಂದರೆ ಬಿರುಗಾಳಿ ಬರಬಹುದು. ‘ವಾರ್ನಿಂಗ್’ ಎಂದರೆ ಬರುವುದು ಬಹುತೇಕ ಖಾತ್ರಿ. ಮೊದಲನೆಯದಕ್ಕೆ ಹೊರಡುತ್ತೇವೆ, ಎರಡನೆಯದಕ್ಕೆ ಚೀಲ ಇಳಿಸಿ ಆಗಿರಬೇಕು. ‘ಬ್ಲಿಜಾರ್ಡ್’ ಎನ್ನುವುದಕ್ಕೂ ಹಿಮದ ದಪ್ಪಕ್ಕೂ ಸಂಬಂಧವಿಲ್ಲ. ಗಂಟೆಗೆ 35 ಮೈಲಿ ಗಾಳಿ ಬೀಸಿ, ಕಾಲು ಮೈಲಿಯಾಚೆ ಏನೂ ಕಾಣದ ಸ್ಥಿತಿ 3 ಗಂಟೆ ಇದ್ದರೆ ಅದು ಬ್ಲಿಜಾರ್ಡ್. ಅದರಲ್ಲಿ ಕಾರು ಓಡಿಸುವ ಮಾತೇ ಇಲ್ಲ.

ಮಾರ್ಚ್ ಬಂತು, ಇನ್ನೇನು ಹೆದರಿಕೆ ಎನ್ನುವವರಿಗೆ 2017ರ ಮಾರ್ಚ್ 14ನ್ನು ನೆನಪಿಸುತ್ತೇನೆ. ಅಂದು ಶುರುವಾದ ಹಿಮ ಬರ್ಲಿಂಗ್ಟನ್‌ನಲ್ಲಿ 30 ಇಂಚು ದಾಟಿತ್ತು.

2. ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೆ ಕಾರು ಹೊರಡುತ್ತದೆ, ನಿಲ್ಲುವುದಿಲ್ಲ

ನಿಲ್ಲಿಸುವುದು ಟೈರು. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಟೈರಿನ ಪಕ್ಕದಲ್ಲಿದೆಯೇ ನೋಡಿ. ಇನ್ನೊಂದು ಮಾತು: ಸ್ಟೋ ಊರಿನಿಂದ ಜೆಫರ್ಸನ್‌ವಿಲ್‌ಗೆ ಹೋಗುವ 108ನೇ ಮಾರ್ಗವನ್ನು ಸ್ಮಗ್ಲರ್ಸ್ ನಾಚ್ ಕಣಿವೆಯಲ್ಲಿ ಚಳಿಗಾಲವಿಡೀ ಮುಚ್ಚಿರುತ್ತಾರೆ. ತೆರೆದಿರುವ ಬೆಟ್ಟದ ದಾರಿಗಳನ್ನೂ ಹಗಲಿನಲ್ಲೇ ಮುಗಿಸಿಕೊಳ್ಳಿ.

3. ಮನೆ ಮಾಲೀಕರಿಗೆ ಕೇಳಬೇಕಾದದ್ದು ಹಾಟ್ ಟಬ್ ಬಗ್ಗೆ ಅಲ್ಲ

ನೀರು ಬಾವಿಯದ್ದೇ? ಹಾಗಿದ್ದರೆ ಕರೆಂಟು ಹೋದ ಗಳಿಗೆಯಲ್ಲೇ ಪಂಪು ನಿಂತು ಸ್ವಲ್ಪ ಹೊತ್ತಿಗೆ ನಲ್ಲಿಯೂ ಒಣಗುತ್ತದೆ. ಮನೆ ಸೇರಿದ ಸಂಜೆಯೇ ಸ್ನಾನದ ತೊಟ್ಟಿ ತುಂಬಿಸಿ, ಕುಡಿಯುವ ನೀರು ಬೇರೆ ಇಡಿ. ಅಡುಗೆ ಒಲೆ ಗ್ಯಾಸಿನದೋ, ಕರೆಂಟಿನದೋ? ಚಿಮಣಿ ಕೊನೆಯ ಸಲ ಶುಚಿಯಾದದ್ದು ಯಾವಾಗ? ಅಂಗಳದ ಹಿಮ ತಳ್ಳುವವರು ಯಾರು? ಈ ನಾಲ್ಕಕ್ಕೆ ನೇರ ಉತ್ತರ ಕೊಡದ ಮನೆ ಎಷ್ಟು ಚೆಂದವಿದ್ದರೂ ಬೇಡ.

4. ಸೌದೆಯನ್ನು ಬಡಿದು ನೋಡಿ

ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ ಸೌದೆ ‘ಟಣ್’ ಎನ್ನುತ್ತದೆ, ಹಸಿಯದು ‘ಧಪ್’. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಹರಡಿರುತ್ತವೆ, ತೊಗಟೆ ಕೈಯಲ್ಲೇ ಸುಲಿದು ಬರುತ್ತದೆ. ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆ ತುದಿಯಲ್ಲಿ ನೊರೆ ಕಾರುತ್ತ, ಸುಂಯ್‌ಗುಟ್ಟುತ್ತ, ಹೊಗೆಯಾಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಆ ಹೊಗೆ ಚಿಮಣಿಯೊಳಗೆ ಡಾಂಬರಿನ ಹಾಗೆ ಅಂಟಿಕೊಂಡು ಒಂದು ದಿನ ಕಾವಿಗೆ ಹೊತ್ತಿಕೊಳ್ಳಬಹುದು. ಮೇಪಲ್, ಬೀಚ್, ಹಳದಿ ಬರ್ಚ್ ಮರದ ಸೌದೆ ರಾತ್ರಿಯಿಡೀ ಕೆಂಡ ಹಿಡಿದಿರುತ್ತದೆ. ಬಿಳಿ ಬರ್ಚಿನ ತೊಗಟೆ ಒಂದು ಕಡ್ಡಿಗೆ ಹೊತ್ತುತ್ತದೆ. ಊರಿನಿಂದ ಸೌದೆ ಕಟ್ಟಿಕೊಂಡು ಹೋಗಬೇಡಿ. ಆ್ಯಶ್ ಮರಗಳನ್ನು ಕೊಲ್ಲುವ ಹಸಿರು ಕೊರೆಹುಳು ದೂರದೂರಕ್ಕೆ ಹಬ್ಬುವುದು ಹೆಚ್ಚಾಗಿ ಹಾಗೆಯೇ, ಅದಕ್ಕೇ ಸಂಸ್ಕರಿಸದ ಹೊರರಾಜ್ಯದ ಸೌದೆಯನ್ನು ವರ್ಮಾಂಟ್ ಒಳಗೆ ಬಿಡುವುದಿಲ್ಲ.

ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ತುಂಬಿ ಮನೆಯಿಂದ ದೂರ ಇಡಿ. ತಣ್ಣಗಾದಂತೆ ಕಂಡ ಬೂದಿಯೊಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ನನ್ನ ಚೀಲದಲ್ಲಿ ಸದಾ ಇರುತ್ತದೆ. ಎಷ್ಟೋ ಮನೆಗಳಲ್ಲಿ ಹೀಟರಿನ ಹೊಗೆಕೊಳವೆ ಗೋಡೆಯ ಪಕ್ಕದಿಂದ ಹೊರಬರುತ್ತದೆ. ಗಾಳಿ ಹಿಮವನ್ನು ತಂದು ಅಲ್ಲೇ ಗುಡ್ಡೆ ಹಾಕಿದರೆ ವಿಷಗಾಳಿ ಒಳಗೆ ತಿರುಗುತ್ತದೆ. ಬಿರುಗಾಳಿ ಎಷ್ಟೇ ಜೋರಿರಲಿ, ಆಗಾಗ ಒಬ್ಬರು ಹೋಗಿ ಆ ಬಾಯಿ ಬಿಡಿಸಿ ಬರಲೇಬೇಕು.

5. ಅಡುಗೆ ಕರೆಂಟಿಲ್ಲದೆಯೂ ನಡೆಯುವಂತಿರಲಿ

ಗೊಜ್ಜವಲಕ್ಕಿಗೆ ಬೆಂಕಿಯೇ ಬೇಡ. ಹುಣಸೆರಸ, ಬೆಲ್ಲ, ಸಾರಿನ ಪುಡಿ ಹಾಕಿ ಕಲಸಿಟ್ಟರೆ ಮುಗಿಯಿತು. ಸೌದೆ ಒಲೆಯ ಮೇಲಿನ ಕಬ್ಬಿಣದ ಹಲಗೆಯಲ್ಲಿ ಬೇಳೆ ನಿಧಾನಕ್ಕೆ ಬೇಯುತ್ತದೆ. ಮಧ್ಯಾಹ್ನ ಇಟ್ಟ ಹುಳಿ ರಾತ್ರಿಗೆ ಹದವಾಗಿ, ಇಂಗಿನ ವಾಸನೆ ಮಹಡಿಯವರೆಗೆ ಏರಿ, ಮಲಗಿದ್ದವರು ತಾವಾಗಿ ಇಳಿದು ಬರುತ್ತಾರೆ. ಬಾಗಿಲು ತೆರೆಯದಿದ್ದರೆ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ. ಹಾಲು, ಮೊಸರನ್ನು ಹಿಮದಲ್ಲಿ ಹೂತಿಡಬೇಡಿ, ಬಿಸಿಲಿಗೆ ಕೆಡುತ್ತದೆ, ಪ್ರಾಣಿಗಳೂ ಬರುತ್ತವೆ. ನೀರಿನ ಬಾಟಲಿಗಳನ್ನು ಹೊರಗಿಟ್ಟು ಗಟ್ಟಿಯಾದ ಮೇಲೆ ಕೂಲರ್ ಪೆಟ್ಟಿಗೆಗೆ ಹಾಕಿ.

6. ಒಲೆಯ ಸುತ್ತ ಹಿಡಿಸುವಷ್ಟೇ ಜನ

ಮಲಗುವ ಕೋಣೆ ಎಷ್ಟಿವೆ ಎಂದು ಎಣಿಸಿ ಜನರನ್ನು ಕರೆಯಬೇಡಿ. ಕರೆಂಟು ಹೋದರೆ ಎಲ್ಲರೂ ಒಂದೇ ಕೋಣೆಗೆ ಬರುತ್ತೀರಿ. ಮಾತಿಲ್ಲದೆಯೂ ಜೊತೆಗಿರಬಲ್ಲವರನ್ನು ಕರೆಯಿರಿ.

ಇಲ್ಲಿನ ನಮ್ಮ ಗೆಳೆತನ ಪೂರ್ತಿ ಎರಡು ಕೆಲಸಗಳ ನಡುವಿನ ಬಿಡುವಿನಲ್ಲಿ ನಡೆಯುತ್ತದೆ. ಮಗುವಿನ ಈಜು ತರಗತಿ ಮುಗಿದು ಹುಟ್ಟುಹಬ್ಬದ ಊಟ ಶುರುವಾಗುವ ಮುಂಚೆ ಹತ್ತು ನಿಮಿಷ. ಅಷ್ಟರಲ್ಲಿ ಯಾರೂ ಯಾರಿಗೂ ನಿಜ ಹೇಳುವುದಿಲ್ಲ. ಒಂದು ಬಿರುಗಾಳಿಯ ಎರಡನೇ ರಾತ್ರಿ ಚೌಕಾಬಾರದ ಕವಡೆ ಕೈಯಲ್ಲಿ ಹಿಡಿದೇ ಗೆಳೆಯನೊಬ್ಬ ಹೇಳಿದ, ಕೆಲಸ ಹೋಗಿ ಮೂರು ವಾರ ಆಯಿತೆಂದು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಆ ಮೂರು ವಾರದಲ್ಲಿ ಅವನನ್ನು ನಾವೆಲ್ಲ ಭೇಟಿಯಾಗಿದ್ದೆವು, ನಕ್ಕು ಮಾತಾಡಿಸಿದ್ದೆವು. ಆ ರಾತ್ರಿ ಯಾರೂ ಸಮಾಧಾನ ಹೇಳಲಿಲ್ಲ. ಒಬ್ಬಳು ಒಲೆಗೆ ಸೌದೆ ತಳ್ಳಿದಳು, ಇನ್ನೊಬ್ಬ ಕಾಗದ, ಪೆನ್ನು ತಂದ. ಯಾರಿಗೆ ಯಾವ ಕಂಪನಿಯಲ್ಲಿ ಯಾರು ಗೊತ್ತು ಎಂದು ಟಾರ್ಚಿನ ಬೆಳಕಿನಲ್ಲಿ ಪಟ್ಟಿ ಬರೆದೆವು. ನಾನು ಈ ಪ್ರವಾಸಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅಂಥ ರಾತ್ರಿಗಾಗಿ.

7. ಹಿಮವನ್ನು ಎತ್ತಬೇಡಿ, ತಳ್ಳಿ

ಬಿರುಗಾಳಿ ಮುಗಿಯಲೆಂದು ಕಾಯದೆ ನಡುನಡುವೆ ಸ್ವಲ್ಪ ಸ್ವಲ್ಪ ಬಳಿಯಿರಿ. ಚಳಿಯಲ್ಲಿ ಒಮ್ಮೆಲೇ ಭಾರ ಎತ್ತಿದರೆ ಹೃದಯಕ್ಕೆ ಕಷ್ಟ. ಊರಿನಿಂದ ಬಂದ ಅಪ್ಪಂದಿರ ಕೈಗೆ ಸಲಿಕೆ ಕೊಡಲೇಬೇಡಿ. ಅವರಿಗೆ ಹತ್ತಿಯ ಕಾಲುಚೀಲದ ಬದಲು ಉಣ್ಣೆಯದು ಕೊಡಿ.

8. ಒಂದು ಕಪ್ಪು ಬಟ್ಟೆ, ಒಂದು ಭೂತಗನ್ನಡಿ

ವರ್ಮಾಂಟ್‌ನ ಜೆರಿಕೋ ಎಂಬ ಹಳ್ಳಿಯ ರೈತರ ಮಗ ವಿಲ್ಸನ್ ಬೆಂಟ್ಲಿ 1885ರಲ್ಲಿ, 19ನೇ ವಯಸ್ಸಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಒಂದೇ ಹರಳಿನ ಚಿತ್ರ ತೆಗೆದ. ಮುಂದೆ ಅಂಥ ಸಾವಿರಾರು ಚಿತ್ರ ತೆಗೆದ. ಅಂಥ ಹರಳನ್ನು ನೋಡಲು ನಮಗೆ ಭೂತಗನ್ನಡಿ ಸಾಕು. ಕಪ್ಪು ಬಟ್ಟೆಯನ್ನು ಮೊದಲು ಹೊರಗಿಟ್ಟು ತಣ್ಣಗಾಗಿಸಿ, ಬೀಳುವ ಹಿಮಕ್ಕೆ ಅದನ್ನು ಉಸಿರು ತಾಗದಂತೆ ಹಿಡಿಯಲು ಮಕ್ಕಳಿಗೆ ಹೇಳಿ. ಆರು ತೋಳಿನ ಹರಳು ಕರಗದೆ ನಿಂತಿರುತ್ತದೆ.

9. ಹಿಮ ನಿಂತ ದಿನ ಹೊರಡಬೇಡಿ

ಸಣ್ಣ ದಾರಿಗಳಿಗೆ ಹಿಮ ತಳ್ಳುವ ಲಾರಿ ತಡವಾಗಿ ಬರುತ್ತದೆ. ಸಂಜೆ ಕರಗಿದ್ದು ರಾತ್ರಿ ಕಣ್ಣಿಗೆ ಕಾಣದ ಮಂಜುಗಡ್ಡೆಯಾಗುತ್ತದೆ. ಮರುದಿನ, ಬಿಸಿಲೇರಿದ ಮೇಲೆ ಹೊರಡಿ. ಹೊಗೆಕೊಳವೆಯ ಸುತ್ತಲಿನ ಹಿಮ ಬಿಡಿಸದೆ ಕಾರು ಚಾಲೂ ಮಾಡಬೇಡಿ. ಕಾರಿನ ನೆತ್ತಿಯ ಹಿಮವನ್ನೂ ಪೂರ್ತಿ ಬಳಿಯಿರಿ. ನ್ಯೂಜೆರ್ಸಿಯಲ್ಲಿ ಅದಕ್ಕೆ ಕಾನೂನಿದೆ, ಬಳಿಯದಿದ್ದರೆ ದಂಡ ಬೀಳುತ್ತದೆ. ಸೋಮವಾರ ಬರಲಾಗದಿರಬಹುದು ಎಂದು ಪ್ರವಾಸ ಹೊರಡುವ ಮುಂಚೆಯೇ ಆಫೀಸಿಗೆ ಬರೆದು ತಿಳಿಸಿಬಿಡಿ.