ಜೋಳ-ತೊಗರಿಯ ನಾಡಿನಲ್ಲಿ ಗೃಹ ಮಿತವ್ಯಯ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಎರೆಭೂಮಿಯಲ್ಲಿ ಮುಂಗಾರಿಗೆ ತೊಗರಿಯನ್ನೂ ಹಿಂಗಾರಿಗೆ ಬಿಳಿಜೋಳವನ್ನೂ ಬಿತ್ತುವುದು ಬಹುಕಾಲದ ಪದ್ಧತಿ. ಈ ಭಾಗದ ಅಡುಗೆಮನೆಯ ವ್ಯವಹಾರವೆಲ್ಲ ಈ ಎರಡು ಬೆಳೆಗಳ ಸುತ್ತ ರೂಪುಗೊಂಡಿತ್ತು. ಹಳೆಯ ಒಕ್ಕಲು ಮನೆಯಲ್ಲಿ ‘ಕಸ’ ಎಂಬ ಮಾತಿಗೆ ಇಂದಿನ ಅರ್ಥವಿರಲಿಲ್ಲ. ಅಂಗಳದಿಂದ ಗುಡಿಸಿದ್ದು ತಿಪ್ಪೆಗೆ ಸೇರುತ್ತಿತ್ತು. ತಿಪ್ಪೆಯಲ್ಲಿದ್ದುದು ವರ್ಷಕ್ಕೊಮ್ಮೆ ಬಂಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ವಸ್ತುವೊಂದನ್ನು ಮೊದಲ ಸಲ ಬಳಸುವಾಗಲೇ ಅದರ ಎರಡನೆಯ ಬಳಕೆ ಯಾವುದೆಂಬುದು ಗೃಹಿಣಿಗೆ ಗೊತ್ತಿರುತ್ತಿತ್ತು. ಮಿತವ್ಯಯವೆಂಬುದು ಇಲ್ಲಿ ಉಪದೇಶದಿಂದ ಬಂದದ್ದಲ್ಲ. ಈ ತಿಳಿವಳಿಕೆಯಿಂದ ಬಂದದ್ದು. ಅದು ಹೇಗೆ ನಡೆಯುತ್ತಿತ್ತು, ಎಲ್ಲಿ ಕಡಿದುಹೋಯಿತು, ಅದರಲ್ಲಿ ಯಾವುದನ್ನು ಮರಳಿ ಹಿಡಿಯಬಹುದು, ಯಾವುದನ್ನು ಬಿಟ್ಟದ್ದೇ ಒಳ್ಳೆಯದಾಯಿತು ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಮೊದಲು ತೊಗರಿಯನ್ನು ನೋಡಬಹುದು. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರ ರುಚಿಯ ಕೀರ್ತಿ ದೇಶಕ್ಕೆ ಗೊತ್ತು. ಆದರೆ ಗಿಡದ ಪೂರ್ಣ ಲೆಕ್ಕ ಈ ಭಾಗದವರಿಗೇ ಗೊತ್ತು. ಗಿಡ ನಿಂತಿರುವಾಗಲೇ ಅದರ ಬೇರು ನೆಲಕ್ಕೆ ಸಾರಜನಕವನ್ನು ಕೊಡುತ್ತದೆ, ಉದುರಿದ ಎಲೆ ಮಣ್ಣಾಗುತ್ತದೆ. ಕಾಯಿ ಹಸಿಯಾಗಿರುವಾಗ ಸುಲಿದು ಪಲ್ಯ ಮಾಡುವರು, ಉಪ್ಪುನೀರಿನಲ್ಲಿ ಬೇಯಿಸಿ ತಿನ್ನುವರು. ಒಣಗಿದ ಕಾಳನ್ನು ನೆನೆಸಿ, ಬಿಸಿಲಿಗೆ ಹಾಕಿ, ಬೀಸುವ ಕಲ್ಲಿನಲ್ಲಿ ಒಡೆದರೆ ನೂರು ಕಿಲೋ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ದೊರೆಯುತ್ತದೆ. ಉಳಿದ ಹೊಟ್ಟು, ನುಚ್ಚು, ಚುನ್ನಿಗಳು ನಷ್ಟದ ಬಾಬತ್ತಲ್ಲ; ಹಾಲು ಕರೆಯುವ ಎಮ್ಮೆಯ ಬಾನಿಗೆ ಸೇರಿ, ಮೊಸರಾಗಿ ಅದೇ ಮನೆಗೆ ಮರಳುತ್ತಿದ್ದವು. ಕಟ್ಟಿಗೆ ಒಲೆಗೆ, ಹೊಲದ ಬೇಲಿಗೆ, ಮಾಳಿಗೆಯ ಚಪ್ಪರಕ್ಕೆ ಆಗುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲು ಮತ್ತು ಬೀಜದ ಕಾಳಿಗೆ ಹುಳು ಹತ್ತದಂತೆ ಬೆರೆಸಲು ಉಪಯೋಗವಾಗುತ್ತಿತ್ತು. ಅಲ್ಲಿಗೆ ತೊಗರಿಯ ಗಿಡ ಮುಗಿಯಿತು. ಎಸೆಯಲು ಏನೂ ಉಳಿಯಲಿಲ್ಲ.

ಜೋಳದ ಲೆಕ್ಕ ಇನ್ನೂ ದೊಡ್ಡದು. ಪುಷ್ಯ-ಮಾಘದಲ್ಲಿ ತೆನೆ ಹಾಲುಗಾಳಾಗಿರುವಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಶೇಂಗಾ ಹಿಂಡಿಯೊಡನೆ ತಿನ್ನುವ ಸೀತನಿಯಿಂದ ಅದರ ಬಳಕೆ ಮೊದಲಾಗುತ್ತದೆ. ಸುಗ್ಗಿಯ ನಂತರ ಕಣಿಕೆ ವರ್ಷವಿಡೀ ದನಗಳಿಗೆ ಮೇವು. ಬರಗಾಲದಲ್ಲಿ ಕಾಳಿಗಿಂತ ಕಣಿಕೆಯ ಬೆಲೆಯೇ ಹೆಚ್ಚೆನಿಸಿದ ಉದಾಹರಣೆಗಳಿವೆ. ಗಿಡ್ಡ ತಳಿಗಳು ಬಂದಾಗ ರೈತರು ಅವುಗಳನ್ನು ಸುಲಭವಾಗಿ ಒಪ್ಪದೆ ಮಾಲ್ದಂಡಿಯಂತಹ ಎತ್ತರದ ಜೋಳವನ್ನೇ ಹಿಡಿದುಕೊಂಡದ್ದಕ್ಕೆ ಇದೂ ಒಂದು ಕಾರಣ. ಮನೆಯೊಳಗೆ ಬಂದ ಜೋಳವನ್ನು ಬೀಸಿ ಜರಡಿ ಹಿಡಿದರೆ ಹಿಟ್ಟು ರೊಟ್ಟಿಗೆ, ತರಿ ನುಚ್ಚಿಗೆ, ಉಳಿದದ್ದು ಅಂಬಲಿಗೆ. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ. ಆದುದರಿಂದ ಬೇಕಾದಷ್ಟನ್ನೇ ಬೀಸುವುದು ರೂಢಿ. ಗೋಧಿಯ ಹಿಟ್ಟಿನಲ್ಲಿರುವ ಅಂಟು ಇದಕ್ಕಿಲ್ಲವಾದ್ದರಿಂದ ಎಸರಿನ ನೀರು ಹಾಕಿ ನಾದಿ, ಕೂಡಲೇ ತಟ್ಟಬೇಕು. ನಾದಿದ ಹಿಟ್ಟನ್ನು ನಾಳೆಗೆ ಇಡಲಾಗದು. ಇಂಥ ಧಾನ್ಯವು ತಾನಾಗಿಯೇ ಮನೆಯವರಿಗೆ ಅಳತೆಯನ್ನು ಕಲಿಸುತ್ತದೆ. ಆದರೂ ರೊಟ್ಟಿ ಉಳಿದರೆ? ಹೆಂಚಿನ ಮೇಲೆ ಕಾಯಿಸಿ ಕಟಕ ಮಾಡಿದರೆ ವಾರಗಟ್ಟಲೆ ಕೆಡದು. ಮುರಿದು ಮಜ್ಜಿಗೆಯಲ್ಲಿ ನೆನೆಸಿದರೆ ಮಕ್ಕಳ ಮುಂಜಾನೆಯ ಊಟ. ಪುಡಿಮಾಡಿ ಉಳ್ಳಾಗಡ್ಡಿಯ ಒಗ್ಗರಣೆ ಕೊಟ್ಟರೆ ಮತ್ತೊಂದು ತಿನಿಸು. ಬಿಸಿರೊಟ್ಟಿಗಿಂತ ಅದನ್ನೇ ಇಷ್ಟಪಡುವವರೂ ಮನೆಗೊಬ್ಬರು ಇರುತ್ತಾರೆ.

ಋತುಮಾನಕ್ಕೆ ತಕ್ಕ ಅಡುಗೆಯೆಂದರೆ ಎಳ್ಳ ಅಮಾವಾಸ್ಯೆಯ ಭಜ್ಜಿಯೇ ಈ ಭಾಗದ ಉತ್ತಮ ನಿದರ್ಶನ. ಆ ದಿನಕ್ಕೆ ಹೊಲದಲ್ಲಿ ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಬದನೆ, ಗಜ್ಜರಿ, ಇನ್ನೂ ಏನೇನು ಚಿಗುರಿದೆಯೋ ಅದೆಲ್ಲವೂ ಒಂದೇ ಗಡಿಗೆಯಲ್ಲಿ ಹುಳಿಮಜ್ಜಿಗೆ ಮತ್ತು ಕಡಲೆಹಿಟ್ಟಿನೊಡನೆ ಬೇಯುತ್ತದೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಚಳಿಗಾಲದಲ್ಲಿ ಸಜ್ಜೆ-ಎಳ್ಳು, ಬಿಸಿಲಿಗೆ ಅಂಬಲಿ-ಮಜ್ಜಿಗೆ ಎಂಬ ವಿವೇಚನೆ ಪುಸ್ತಕ ಓದಿ ಬಂದದ್ದಲ್ಲ. ಕಡಲೆಯ ಗಿಡದ ಕುಡಿಯನ್ನು ಚಿವುಟಿದರೆ ಪಲ್ಯಕ್ಕೂ ಆಯಿತು, ಗಿಡ ಕವಲೊಡೆದು ಕಾಯಿಯೂ ಹೆಚ್ಚಾಯಿತು. ಮುಂಜಾವಿನಲ್ಲಿ ಕಡಲೆಯ ಹೊಲದ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಎಲೆಯ ಮೇಲಿನ ಹುಳಿಯನ್ನು ಇಬ್ಬನಿಯೊಡನೆ ಹಿಂಡಿ ಇಟ್ಟುಕೊಳ್ಳುತ್ತಿದ್ದುದೂ ಉಂಟು. ಪುಂಡಿಯ ಸೊಪ್ಪು ಪಲ್ಯಕ್ಕೆ, ನಾರು ಹಗ್ಗಕ್ಕೆ, ಕಡ್ಡಿ ಒಲೆಗೆ. ಕುಸುಬೆಯ ಎಳೆಯ ಎಲೆ ಪಲ್ಯ, ಬೀಜದಿಂದ ಎಣ್ಣೆ, ಹಬ್ಬದ ದಿನ ಅದರ ಹಾಲಿನ ಹುಗ್ಗಿ, ಹಿಂಡಿ ದನಕ್ಕೆ. ಬಲಿತ ಗಿಡದ ಮುಳ್ಳು ಹೊಲದ ಅಂಚಿಗೆ ಕಾವಲು.

ಬೇಸಿಗೆಯಲ್ಲಿ ಕಾಯಿಪಲ್ಯ ಅಪರೂಪ, ಬಿಸಿಲು ಧಾರಾಳ. 42 ಡಿಗ್ರಿ ದಾಟುವ ಆ ಬಿಸಿಲನ್ನು ಶಪಿಸುವುದರ ಜೊತೆಗೆ ದುಡಿಸಿಕೊಳ್ಳುವುದನ್ನೂ ಇಲ್ಲಿನ ಜನ ಬಲ್ಲರು. ರಾವೂರ, ವಾಡಿ, ಶಹಾಬಾದ ಸುತ್ತಿನ ಮನೆಗಳಿಗೆ ಪರಸಿಕಲ್ಲಿನ ಅಂಗಳ ಸಹಜವಾಗಿ ಒದಗಿದೆ. ಸಮತಟ್ಟಾದ, ತೊಳೆದರೆ ಶುಭ್ರವಾಗುವ, ಬೇಗ ಕಾಯುವ ಆ ಕಲ್ಲಿಗೆ ಸಮನಾದ ಒಣಗುಹಾಸು ಬೇರೆಡೆ ಸಿಗುವುದು ಕಷ್ಟ. ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಹೆಚ್ಚಿದ ಬದನೆ, ಮೆಂತ್ಯದ ಸೊಪ್ಪು, ಸುಗ್ಗಿಯಲ್ಲಿ ಅಗ್ಗವಾಗಿ ಕೊಂಡ ಬೇಳೆ ಎಲ್ಲವೂ ಅಲ್ಲಿ ಒಣಗುತ್ತವೆ. ಚೈತ್ರದಲ್ಲಿ ಒಡೆದ ಹುಣಸೆಯ ಹಣ್ಣು ವರ್ಷದ ಹುಳಿಗೆ. ಅದರ ಬೀಜದ ಸರಿಯನ್ನು ಕಂಬಳಿ ನೇಯುವವರು ನೂಲಿಗೆ ಗಂಜಿಯಾಗಿ ಬಳಸುತ್ತಿದ್ದರು. ಹಳೆಯ ಸೀರೆ-ಧೋತರಗಳು ಕೌದಿಯಾಗುವ ಕಾಲವೂ ಇದೇ. ಹೊಲದ ಕೆಲಸ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ನೆರೆಹೊರೆಯವರು ಕೂಡಿ ಕುಳಿತು ಹೊಲಿಯುತ್ತಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಕಠಿಣವಾದ ಮಾತನ್ನೂ ಹೇಳಬೇಕಾಗುತ್ತದೆ. ಸರಳ ಆಹಾರವೆಲ್ಲವೂ ಸಮರ್ಪಕ ಆಹಾರವಲ್ಲ. ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರಲ್ಲಿ ಪ್ರಕಟಿಸಿದ ಸಂಶೋಧನೆಯು, ದಖ್ಖಣದಲ್ಲಿ ಜೋಳವನ್ನೇ ಪ್ರಧಾನವಾಗಿ ಉಣ್ಣುವ ಬಡವರಲ್ಲಿ ಕಾಣುತ್ತಿದ್ದ ಪೆಲ್ಲಾಗ್ರ ಎಂಬ ಚರ್ಮ ಹಾಗೂ ನರಗಳ ವ್ಯಾಧಿಯನ್ನು ಆ ಧಾನ್ಯದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶದೊಡನೆ ಸಂಬಂಧಿಸಿತು. ಜೋಳ ಕೆಟ್ಟದ್ದೆಂದು ಇದರ ಅರ್ಥವಲ್ಲ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಧಾರಾಳವಾಗಿದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಿಂದ ಒದಗುತ್ತದೆ. ಸೊಪ್ಪು ಮತ್ತು ಮಜ್ಜಿಗೆ ಉಳಿದ ಕೊರತೆಯನ್ನು ತುಂಬುತ್ತವೆ. ರೊಟ್ಟಿ, ಬೇಳೆ, ಪುಂಡಿಪಲ್ಯ, ಮಜ್ಜಿಗೆ ಒಂದೇ ಗಂಗಾಳದಲ್ಲಿರುವುದು ಈ ಕಾರಣಕ್ಕೇ ಶ್ರೇಷ್ಠ. ತೊಗರಿಯನ್ನೆಲ್ಲ ಮಾರಿ, ಬರಿಯ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನಬೇಕಾದ ಕೂಲಿಯ ಮನೆಗೆ ಮಿತವ್ಯಯದ ಪಾಠ ಹೇಳುವುದು ಉಚಿತವಲ್ಲ. ಅಲ್ಲಿರುವುದು ಸರಳತೆಯಲ್ಲ, ಅಭಾವ.

ಎರಡನೆಯ ಕಠಿಣ ಮಾತು ದುಡಿಮೆಯನ್ನು ಕುರಿತದ್ದು. ಕೋಳಿ ಕೂಗುವ ಮುನ್ನ ಬೀಸುವ ಕಲ್ಲಿನ ಮುಂದೆ ಕುಳಿತವಳು, ತೊಗರಿಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವಳು ಮನೆಯ ಹೆಣ್ಣುಮಗಳು. ಹಳೆಯ ಮನೆಯ ಉಳಿತಾಯದಲ್ಲಿ ಅವಳ ಆಯುಷ್ಯದ ಒಂದು ಪಾಲು ಖರ್ಚಾಗುತ್ತಿತ್ತು. ಅದನ್ನು ಯಾರೂ ಜಮಾಖರ್ಚಿನಲ್ಲಿ ಬರೆಯಲಿಲ್ಲ. ಹಿಟ್ಟಿನ ಗಿರಣಿ, ಕುಕ್ಕರು, 2016ರ ನಂತರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಬಂದ ಅನಿಲ, ಇವು ವಿಲಾಸದ ವಸ್ತುಗಳಲ್ಲ. ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಇವನ್ನು ದೂರುವವರು ಒಂದು ವಾರ ಬೀಸುವ ಕಲ್ಲನ್ನು ತಿರುಗಿಸಿ ನೋಡುವುದು ಒಳ್ಳೆಯದು.

ಹಾಗಾದರೆ ಸರಪಳಿ ಕಡಿದುಹೋದದ್ದು ಎಲ್ಲಿ? 1968ರಲ್ಲಿ ವಾಡಿಯಲ್ಲಿ ಸಿಮೆಂಟು ಕಾರ್ಖಾನೆ ಆರಂಭವಾಯಿತು. ಶಹಾಬಾದದಲ್ಲಿ ಅದಕ್ಕೂ ಮೊದಲೇ ಇತ್ತು. ಮುಂದೆ ಮಳಖೇಡ, ಸೇಡಂಗಳಲ್ಲಿಯೂ ಬಂದವು. ಸಾವಿರಾರು ಮನೆಗಳಿಗೆ ಅನ್ನ ನೀಡಿದ ಈ ಉದ್ಯಮಗಳಿಂದ ಅಡುಗೆಮನೆಯ ಕಾಲಮಾನವೇ ಬದಲಾಯಿತು. ಒಕ್ಕಲು ಮನೆಯ ಕಾಲ ಸುಗ್ಗಿಯಿಂದ ಸುಗ್ಗಿಗೆ. ಸಂಬಳದ ಮನೆಯ ಕಾಲ ಒಂದನೆಯ ತಾರೀಖಿನಿಂದ ಒಂದನೆಯ ತಾರೀಖಿಗೆ. ವರ್ಷದ ಕಾಳನ್ನು ಕೂಡಿಡುವ ಹಗೇವು, ಕಣಜಗಳು ನಿಂತವು. ದನ ಕಟ್ಟುವ ಜಾಗ ಇಲ್ಲವಾಯಿತು. ದನವಿಲ್ಲದ ಮನೆಯಲ್ಲಿ ಹೊಟ್ಟು ಕಸ, ಸಿಪ್ಪೆ ಕಸ, ಮುಸುರೆಯ ನೀರೂ ಕಸ. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿ ಹಸಿವನ್ನು ನೀಗಿದ್ದು ಸಣ್ಣ ಸಂಗತಿಯಲ್ಲ. ಆದರೆ ಉಳಿದ ಅನ್ನಕ್ಕೆ ಉಳಿದ ರೊಟ್ಟಿಯ ಬಾಳಿಕೆ ಇಲ್ಲ ಎಂಬುದನ್ನೂ ಗಮನಿಸಬೇಕು. ಕಟಕ ರೊಟ್ಟಿ ತಿಂಗಳು ಕಾದೀತು, ಅನ್ನ ಬೇಸಿಗೆಯಲ್ಲಿ ಸಂಜೆಗೇ ಹಳಸೀತು. ಅದರ ಮೇಲೆ, ಎರಡನೆಯ ಬಳಕೆಯೇ ಇಲ್ಲದ ಪ್ಲಾಸ್ಟಿಕ್ ಚೀಲ, ಥರ್ಮೊಕೋಲ್ ತಟ್ಟೆಗಳು ಮನೆ ಹೊಕ್ಕವು. ಮದುವೆಯಲ್ಲಿ ಉಂಡ ಮುತ್ತುಗದ ಪತ್ರಾವಳಿಯನ್ನು ದನ ತಿಂದರೆ ಮೇವಾಗುತ್ತಿತ್ತು; ಅನ್ನ ಮೆತ್ತಿದ ಪ್ಲಾಸ್ಟಿಕ್ಕನ್ನು ತಿಂದರೆ ಅದು ಹೊಟ್ಟೆಯಲ್ಲಿ ಗಂಟಾಗಿ ಪ್ರಾಣಕ್ಕೇ ಕುತ್ತು. ಕರ್ನಾಟಕದಲ್ಲಿ 2016ರಿಂದಲೂ, ದೇಶಾದ್ಯಂತ 2022ರ ಜುಲೈ 1ರಿಂದಲೂ ಇಂತಹ ತಟ್ಟೆ-ಲೋಟಗಳಿಗೆ ನಿಷೇಧವಿದೆ. ಊಟದ ಪಂಕ್ತಿಯನ್ನು ನೋಡಿದರೆ ಅದು ಎಲ್ಲರಿಗೂ ತಿಳಿದಂತೆ ಕಾಣುವುದಿಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳಿಂದಲೇ. ಅಂದರೆ ದೋಷ ಹೋಟೆಲು, ಮಾರುಕಟ್ಟೆಗಳದ್ದು ಮಾತ್ರವಲ್ಲ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯುವುದು ಸೂಕ್ತ. ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಆಕೆ ಹೇಳಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ನಿರಾಶೆಯ ಆದರ್ಶವೆಂದು ವಿವರಿಸುವುದು ರೂಢಿ. ಗೃಹಕೃತ್ಯದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಲಕ್ಕಮ್ಮ ಅಳೆದದ್ದು ಅಕ್ಕಿಯನ್ನು, ಅನ್ನವನ್ನಲ್ಲ. ಬೆಂದ ಮೇಲೆ ಉಳಿಸಲು ಹೆಣಗುವುದಕ್ಕಿಂತ ಒಲೆ ಹೊತ್ತಿಸುವ ಮೊದಲು ತಲೆಗಳನ್ನು ಎಣಿಸುವುದು ಸುಲಭ. ನೂರಾರು ಮಕ್ಕಳು ಉಣ್ಣುವ ದಾಸೋಹದ ಮನೆಗಳಲ್ಲಿಯೂ, 2002ರಲ್ಲಿ ಈ ವಿಭಾಗದ ಜಿಲ್ಲೆಗಳಿಂದಲೇ ಆರಂಭವಾದ ಅಕ್ಷರದಾಸೋಹದ ಶಾಲೆಗಳಲ್ಲಿಯೂ ಹಾಜರಿ ತೆಗೆದುಕೊಂಡ ಮೇಲೆ ಅಕ್ಕಿ ಅಳೆದರೆ ಗಂಗಾಳದಲ್ಲಿ ಉಳಿಯುವುದು ಅತ್ಯಲ್ಪ.

ಇಂದಿನ ಸಂಬಳದ ಮನೆ ಒಕ್ಕಲು ಮನೆಯಾಗಲಾರದು, ಆಗಬೇಕಾಗಿಯೂ ಇಲ್ಲ. ಪುಷ್ಯ-ಮಾಘದಲ್ಲಿ ತೊಗರಿ ಪೇಟೆಗೆ ಬಂದಾಗ ಆರು ತಿಂಗಳಿಗೆ ಸಾಲುವಷ್ಟು ಕೊಂಡು, ಎರಡು ಬಿಸಿಲು ಕಾಯಿಸಿ, ಆರಿದ ಮೇಲೆ ಒಣ ಬೇವಿನೆಲೆಯೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬುವುದು ಬಾಡಿಗೆಮನೆಯಲ್ಲಿಯೂ ಸಾಧ್ಯ. ಹೋಳಿಗೆಗೆ ಕಡಲೆಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಅದೇ ಬುದ್ಧಿಯನ್ನು ಉಳಿದ ಆರು ದಿನಗಳಿಗೆ ವಿಸ್ತರಿಸಬೇಕಷ್ಟೆ. ಕಾಳು ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಗಲಿ. ಒಣ ಕಸವನ್ನು ಹಸಿ ಕಸದಿಂದ ಬೇರೆ ಇಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದ್ದವು. ಹಾಗೆ ಬೇರ್ಪಟ್ಟ ಹಸಿ ಕಸವನ್ನು ಏನು ಮಾಡಬೇಕೆಂಬುದೇ ಊರಮನೆಗಳ ಪ್ರಶ್ನೆ.

ಎರೆಭೂಮಿಯಲ್ಲಿ ಕುಣಿ ತೋಡಿದರೆ ಮಳೆಗಾಲದಲ್ಲಿ ನೀರು ನಿಂತು ಕಸ ಕೊಳೆತು ನಾರುತ್ತದೆ. ಆದುದರಿಂದ ನೆಲದ ಮೇಲೆಯೇ ತೊಟ್ಟಿ ಕಟ್ಟುವುದು ಲೇಸು. ಮಹಾರಾಷ್ಟ್ರದ ಪುಸದದ ರೈತ ನಾರಾಯಣ ದೇವರಾವ ಪಾಂಢರಿಪಾಂಡೆ ಅವರು ರೂಪಿಸಿದ, ಅವರ ಹೆಸರಿನ ಮೊದಲಕ್ಷರಗಳಿಂದಲೇ ‘ನಾಡೆಪ್’ ಎಂದು ಕರೆಯಲ್ಪಡುವ ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ್ದು. ಗೋಡೆಯಲ್ಲಿ ಗಾಳಿಯಾಡಲು ಕಿಂಡಿಗಳಿರುತ್ತವೆ. ಒಂದು ಕುಟುಂಬಕ್ಕೆ ಇದರ ಕಾಲುಭಾಗ ಸಾಕು. ಇಟ್ಟಿಗೆಯನ್ನೂ ಕೊಳ್ಳಬೇಕಾಗಿಲ್ಲ: ಕಲ್ಲಿನ ಗಣಿಗಳ ಸುತ್ತ ರಾಶಿಬಿದ್ದಿರುವ ಒಡಕು ಪರಸಿಗಳನ್ನು ನಡುನಡುವೆ ನಾಲ್ಕು ಬೆರಳು ಸಂದು ಬಿಟ್ಟು ನಿಲ್ಲಿಸಿದರೆ ತೊಟ್ಟಿಯಾಯಿತು. ಅಡಿಯಲ್ಲಿ ತೊಗರಿಕಡ್ಡಿ, ಅದರ ಮೇಲೆ ಒಂದು ಪದರು ಸಿಪ್ಪೆ-ಸೊಪ್ಪು, ಸಗಣಿ ಕದಡಿದ ನೀರು, ಒಂದು ತೆಳು ಪದರು ಮಣ್ಣು, ಹೀಗೆ ತುಂಬುತ್ತ ಹೋಗಿ ಮೇಲೆ ಸಗಣಿ-ಮಣ್ಣಿನಿಂದ ಮೆತ್ತಬೇಕು. ಬಿರುಕು ಕಂಡಾಗ ನೀರು ಚಿಮುಕಿಸಬೇಕು. ಕೈಯಲ್ಲಿ ಹಿಡಿದರೆ ಮುದ್ದೆಯಾಗುವಷ್ಟು ಹಸಿ ಇರಬೇಕು, ತೊಟ್ಟಿಕ್ಕಬಾರದು. ಮೂರರಿಂದ ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ತುಂಬಿ ಮುಚ್ಚಿದ ತೊಟ್ಟಿಯನ್ನು ವೈಶಾಖದಲ್ಲಿ ತೆರೆದರೆ, ರೋಹಿಣಿ ಮಳೆಯ ಮೊದಲು ಹಿತ್ತಲಿನ ಪುಂಡಿ, ಮೆಂತ್ಯ, ಬದನೆಯ ಮಡಿಗಳಿಗೆ ಹಾಕಲು ಸರಿಯಾಗುತ್ತದೆ.