ಸಂಘದ ಗೋದಾಮಿಗೆ ವಾರದ ತಪಾಸಣೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪಿನ ಬಿಡಿಭಾಗ ಕೊಂಡರೆ ಬಿಲ್ಲನ್ನು ಅಂಗಡಿಯಲ್ಲಿಯೇ ತಾಳೆ ನೋಡುತ್ತೀರಿ. ಆದರೆ 1905ರಲ್ಲಿಯೇ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಈ ಸೀಮೆಯಲ್ಲಿ, ನಮ್ಮದೇ ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆ ಬರುವ ಪರಿಶೋಧಕರಿಗೆ ಬಿಟ್ಟು ಕೂರುತ್ತೇವೆ. ಕಡಲೆಯಲ್ಲಿ ಕೀಡೆ ಕಾಯಿ ಕೊರೆದ ಮೇಲೆ ಹೊಲ ಸುತ್ತಿ ಫಲವೇನು? ತತ್ತಿ ಇರುವಾಗಲೇ ನೋಡಬೇಕು.

ಮೊದಲು ಗೊಬ್ಬರ ಹಿಡಿಯಿರಿ. ವಾರಕ್ಕೊಮ್ಮೆ ಆಡಳಿತ ಮಂಡಳಿಯ ಇಬ್ಬರು ಚೀಲ ಎಣಿಸಿ, ದಾಸ್ತಾನು ಪುಸ್ತಕಕ್ಕೂ ಮಾರಾಟ ಯಂತ್ರ ತೋರಿಸುವ ಉಳಿಕೆಗೂ ಹೋಲಿಸಲಿ. ಪುಸ್ತಕ ಬರೆಯುವವರೇ ಎಣಿಸಬಾರದು. ಯಂತ್ರದಲ್ಲಿ ಯೂರಿಯಾ 240 ಚೀಲವಿದ್ದು ಗೋದಾಮಿನಲ್ಲಿ 232 ಸಿಕ್ಕರೆ, 45 ಕಿಲೋದ 8 ಚೀಲ, ಅಂದರೆ 360 ಕಿಲೋ ಎಲ್ಲಿ ಎಂದು ಅಂದೇ ಕೇಳಬೇಕು. ಚೀಲ ಹರಿದದ್ದೋ, ಯಂತ್ರ ಕೆಟ್ಟಾಗ ಬರೆಯದೆ ಕೊಟ್ಟದ್ದೋ, ವಾರದೊಳಗೆ ಕಾರ್ಯದರ್ಶಿಗೆ ನೆನಪಿರುತ್ತದೆ. ಹತ್ತು ತಿಂಗಳ ಮೇಲೆ ಕೇಳಿದರೆ ಪ್ರಾಮಾಣಿಕನೂ ಕಳ್ಳನಂತೆ ಕಾಣುತ್ತಾನೆ.

ನಗದು ಪೆಟ್ಟಿಗೆಯನ್ನು ಮುನ್ಸೂಚನೆ ಕೊಡದೆ ಎಣಿಸಿರಿ. ಸಾಲ ವಸೂಲಿಯ ಐದು ರಶೀದಿ ತೆಗೆದು ಆ ಸದಸ್ಯರ ಪಾಸುಪುಸ್ತಕದೊಂದಿಗೆ ಸರಿನೋಡಿರಿ.

2022ರಲ್ಲಿ ಮಂಜೂರಾದ ಕೇಂದ್ರದ ಯೋಜನೆಯಡಿ ಸಂಘಗಳಿಗೆ ಗಣಕಯಂತ್ರ ಬರುತ್ತಿದೆ. ಅದು ಲೆಕ್ಕ ಕೂಡಿಸೀತು, ಚೀಲ ಎಣಿಸದು. ವಾರ್ಷಿಕ ಪರಿಶೋಧನೆಯಂತೂ ಕಾನೂನಿನಂತೆ ನಡೆಯಲೇಬೇಕು. ಎರಡು ಚೀಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣಸಹಿತ ಮುಂದಿನ ಸಭೆಯ ನಡಾವಳಿಯಲ್ಲಿ ಬರೆಯಿಸಿರಿ.